ಓಡುವ ಕುದುರೆಗೆ ಎಂಥ ಕ್ಯಾಮೆರಾ ಬೇಕು?

ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಕೇಶವ ದೇವಾಲಯದ ಹೊರಗೋಡೆಯ ಬುಡವನ್ನು ಕೆತ್ತನೆಯ ಪಟ್ಟಿಗಳು ಒಂದರ ಮೇಲೊಂದು ಸುತ್ತುವರಿದಿವೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸವಾರರನ್ನು ಹೊತ್ತ ಕುದುರೆಗಳ ಸಾಲು. 13ನೇ ಶತಮಾನದಲ್ಲಿ ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ ಇದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಆ ಕಲ್ಲುಕುದುರೆಗಳ ಕೊರಳಿನ ಬಾಗು, ಎದೆಯ ತುಂಬು, ಎತ್ತಿದ ಮುಂಗಾಲು ನೋಡಿದರೆ ಶಿಲ್ಪಿಗಳು ಕುದುರೆಯನ್ನು ಹತ್ತಿರದಿಂದ ಬಲ್ಲವರು ಎಂದು ಗೊತ್ತಾಗುತ್ತದೆ. ಆದರೆ ನಾಗಾಲೋಟದಲ್ಲಿರುವ ಕುದುರೆಯ ನಾಲ್ಕು ಕಾಲೂ ಒಂದು ಕ್ಷಣದಲ್ಲಿ ಎಲ್ಲೆಲ್ಲಿರುತ್ತವೆ ಎಂದು ಹೇಳಬಲ್ಲವರು ಆ ಕಾಲದಲ್ಲಿ ಹೊಯ್ಸಳ ನಾಡಿನಲ್ಲಷ್ಟೇ ಅಲ್ಲ, ಪ್ರಪಂಚದಲ್ಲೇ ಯಾರೂ ಇರಲಿಲ್ಲ. ಅಷ್ಟು ವೇಗದ ಚಲನೆಯನ್ನು ಬಿಡಿಸಿ ನೋಡುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ.

ಯುರೋಪಿನ ಚಿತ್ರಕಾರರು ಓಡುವ ಕುದುರೆಯನ್ನು ಮುಂಗಾಲುಗಳು ಮುಂದಕ್ಕೆ, ಹಿಂಗಾಲುಗಳು ಹಿಂದಕ್ಕೆ ಚಾಚಿಕೊಂಡು ತೇಲುವಂತೆ ಬರೆಯುತ್ತಿದ್ದರು. ಫ್ರಾನ್ಸಿನ ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ಡರ್ಬಿಯ ಪ್ರಖ್ಯಾತ ಚಿತ್ರದಲ್ಲೂ ಕುದುರೆಗಳು ಹಾಗೇ ಇವೆ. 1878ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಓಟದ ಹಾದಿಯ ಪಕ್ಕಕ್ಕೆ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿದ. ಹಾದಿಗೆ ಅಡ್ಡವಾಗಿ ಎಳೆದ ದಾರಗಳನ್ನು ಸ್ಯಾಲಿ ಗಾರ್ಡ್ನರ್ ಎಂಬ ಕುದುರೆ ಕಾಲಿನಿಂದ ಹರಿಯುತ್ತ ಓಡಿದಂತೆ ಒಂದೊಂದೇ ಕ್ಯಾಮೆರಾ ತೆರೆದು ಮುಚ್ಚಿತು. ನಾಲ್ಕೂ ಕಾಲು ನೆಲ ಬಿಡುವ ಕ್ಷಣ ಇದೆ ಎನ್ನುವುದು ಆ ಫಲಕಗಳಿಂದ ಖಚಿತವಾಯಿತು. ಆದರೆ ಆ ಕ್ಷಣದಲ್ಲಿ ಕಾಲುಗಳು ಚಾಚಿಕೊಂಡಿರುವುದಿಲ್ಲ, ಹೊಟ್ಟೆಯ ಕೆಳಗೆ ಮುದುಡಿಕೊಂಡಿರುತ್ತವೆ. ಶತಮಾನಗಳಿಂದ ನಡೆದುಬಂದ ಚಿತ್ರಗಳು ತಪ್ಪಾಗಿದ್ದವು.

ಮೈಬ್ರಿಜ್‌ನ ಬೆನ್ನಿಗೆ ರೈಲು ಕಂಪನಿಯ ಒಡೆಯ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್‌ನ ಹಣವಿತ್ತು. ಈ ಅಧ್ಯಾಯ ಅಂಥ ಹಣವಿಲ್ಲದವರಿಗೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ, ಭಾನುವಾರ ಕ್ಯಾಮೆರಾ ಹಿಡಿದು ಹೊರಡುವ ಯುವಕನನ್ನೋ, ಟಿ. ನರಸೀಪುರದಲ್ಲಿ ಪಾಠ ಮಾಡುತ್ತ ರಜೆಯಲ್ಲಿ ಚಿತ್ರ ತೆಗೆಯುವ ಶಿಕ್ಷಕಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮದುವೆ ಮೆರವಣಿಗೆಗೆ ಬಾಡಿಗೆಗೆ ಬರುವ ಕುದುರೆ, ಮೈಸೂರಿನ ಟಾಂಗಾ, ಸವಾರಿ ಕಲಿಯುವ ಮಕ್ಕಳು, ದಸರೆಯ ಅಶ್ವಾರೋಹಿ ಪೊಲೀಸರು — ಕುದುರೆಯ ಚಿತ್ರಕ್ಕೆ ನಮ್ಮಲ್ಲೂ ಅವಕಾಶವಿದೆ. ಕೈಯಲ್ಲಿ ಅರವತ್ತು ಸಾವಿರ ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್ ಲೆಕ್ಕ. ಕುದುರೆಯ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು ಎರಡು: ಎಷ್ಟು ಚಿಕ್ಕ ಹೊತ್ತಿನಲ್ಲಿ ಚಿತ್ರ ತೆಗೆಯಬೇಕು? ಅಷ್ಟು ಚಿಕ್ಕ ಹೊತ್ತಿಗೆ ಸಾಲುವಷ್ಟು ಬೆಳಕು ಎಲ್ಲಿಂದ ಬರಬೇಕು?

ಗೊರಸಿನ ವೇಗ

ಸವಾರನೊಬ್ಬ ಕುದುರೆಯನ್ನು ಕ್ಯಾಂಟರ್ ನಡೆಯಲ್ಲಿ, ಅಂದರೆ ನಾಗಾಲೋಟಕ್ಕಿಂತ ತುಸು ನಿಧಾನವಾಗಿ, ಓಡಿಸುತ್ತಿದ್ದಾನೆ. ವೇಗ ಸೆಕೆಂಡಿಗೆ 8 ಮೀಟರ್ ಇರಲಿ, ಗಂಟೆಗೆ 29 ಕಿ.ಮೀ.ಯಷ್ಟು. ಕ್ಯಾಮೆರಾದ ಚೌಕಟ್ಟು ಅಡ್ಡಕ್ಕೆ 4 ಮೀಟರ್ ಜಾಗವನ್ನು ಹಿಡಿದಿದೆ. ಕುದುರೆಗೂ ಅದರ ಮುಂದಿನ ಒಂದಿಷ್ಟು ಬಯಲಿಗೂ ಅಷ್ಟು ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಸಾಲಿಗೆ 6000 ಪಿಕ್ಸೆಲ್ ಇರುತ್ತವೆ. ಅಂದರೆ ಕುದುರೆಯ ಮೈಯ ಒಂದು ಮಿಲಿಮೀಟರಿಗೆ ಒಂದೂವರೆ ಪಿಕ್ಸೆಲ್. ಶಟರ್ 1/500 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಕುದುರೆ 16 ಮಿ.ಮೀ. ಮುಂದಕ್ಕೆ ಹೋಗಿರುತ್ತದೆ, ಚಿತ್ರದಲ್ಲಿ ಅದು 24 ಪಿಕ್ಸೆಲ್‌ಗಳ ಕಲಸು. 1/2000 ಸೆಕೆಂಡಿನಲ್ಲಿ ಕಲಸು ಆರು ಪಿಕ್ಸೆಲ್‌ಗೆ ಇಳಿಯುತ್ತದೆ. ಮೊಬೈಲ್ ಪರದೆಯಲ್ಲಿ ನೋಡುವ ಚಿತ್ರಕ್ಕೆ ಆರು ಪಿಕ್ಸೆಲ್ ಏನೂ ಅಲ್ಲ, 24 ಪಿಕ್ಸೆಲ್ ಮಾತ್ರ ಕಣ್ಣಿಗೆ ಬಡಿಯುತ್ತದೆ.

ಇದು ಮೈಯ ಲೆಕ್ಕ ಮಾತ್ರ. ಕಾಲಿನದು ಬೇರೆ. ಗೊರಸು ನೆಲ ಮುಟ್ಟಿರುವಷ್ಟು ಹೊತ್ತು ಅದರ ವೇಗ ಸೊನ್ನೆ; ಮೈ ಅದರ ಮೇಲೆ ದಾಟಿ ಹೋಗುತ್ತಿರುತ್ತದೆ. ಹಿಂದೆ ಉಳಿದ ಆ ಗೊರಸು ಮತ್ತೆ ಮುಂದಕ್ಕೆ ಬರಬೇಕಾದರೆ ಮೈಗಿಂತ ಜೋರಾಗಿ ಹೋಗಲೇಬೇಕು. ಒಂದು ಸುತ್ತಿನ ಮೂರನೇ ಒಂದು ಪಾಲು ಕಾಲು ನೆಲದಲ್ಲಿದ್ದರೆ, ಉಳಿದ ಎರಡು ಪಾಲಿನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್. ನಡುವಿನ ಗರಿಷ್ಠ ವೇಗ ಅದಕ್ಕಿಂತಲೂ ಹೆಚ್ಚು. ಆದ್ದರಿಂದ 1/500 ಸೆಕೆಂಡಿನ ಚಿತ್ರದಲ್ಲಿ ಕುದುರೆಯ ಹೊಟ್ಟೆ, ಜೀನು ಪರವಾಗಿಲ್ಲ ಎನ್ನಿಸುವಂತಿದ್ದರೂ ಗಾಳಿಯಲ್ಲಿರುವ ಗೊರಸು ಹೊಗೆಯಂತೆ ಕಾಣುತ್ತದೆ, ನೆಲದಲ್ಲಿ ಊರಿದ ಗೊರಸು ಮಾತ್ರ ಕೆತ್ತಿದಷ್ಟು ಸ್ಪಷ್ಟವಾಗಿರುತ್ತದೆ. ಒಂದೇ ಪ್ರಾಣಿಯ ಮೈಯಲ್ಲಿ ಒಂದೇ ಕ್ಷಣಕ್ಕೆ ಇಷ್ಟೊಂದು ಬೇರೆಬೇರೆ ವೇಗಗಳು! ನನಗೆ ಕುದುರೆಯ ಚಿತ್ರಗಳಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದೇ. ಹಾಗಾಗಿ ಎಲ್ಲವನ್ನೂ ಕಲ್ಲಾಗಿಸುವ 1/4000 ಸೆಕೆಂಡಿಗಿಂತ, ಗೊರಸಿನಲ್ಲಿ ತುಸು ಚಲನೆ ಉಳಿಸುವ 1/1250 ನನಗೆ ಹೆಚ್ಚು ಹಿಡಿಸುತ್ತದೆ.

ಕುದುರೆಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ಹೋದರೆ, ಅಂದರೆ ಪ್ಯಾನಿಂಗ್ ಮಾಡಿದರೆ, ಇದೆಲ್ಲ ತಿರುವುಮುರುವಾಗುತ್ತದೆ. ಈಗ ಸ್ಥಿರವಾಗಿರುವುದು ಮೈ. ನೆಲದಲ್ಲಿ ಊರಿದ ಗೊರಸು ಕ್ಯಾಮೆರಾದ ಲೆಕ್ಕದಲ್ಲಿ ಹಿಂದಕ್ಕೆ ಓಡುತ್ತದೆ, ಹಿನ್ನೆಲೆಯ ತೆಂಗಿನಮರಗಳು ಅಡ್ಡಗೆರೆಗಳಾಗುತ್ತವೆ. 1/60 ಸೆಕೆಂಡಿನಲ್ಲೂ ಮುಖ ಸ್ಪಷ್ಟವಾಗಿ ಬರುವ ಈ ವಿಧಾನಕ್ಕೆ ದುಬಾರಿ ಸಾಮಾನು ಬೇಡ, ಸೊಂಟದಿಂದ ತಿರುಗುವ ಅಭ್ಯಾಸ ಬೇಕು. ಅಭ್ಯಾಸಕ್ಕೆ ಕುದುರೆಯೇ ಸಿಗಬೇಕೆಂದಿಲ್ಲ. ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳು ನಡೆದು ಬರುವಾಗ ಕೈ ಪಳಗಿಸಿಕೊಳ್ಳಬಹುದು.

ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಸೌಲಭ್ಯದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದು ನಿಮ್ಮ ಕೈಯನ್ನು ಸರಿಪಡಿಸುತ್ತದೆ, ಕುದುರೆಯನ್ನಲ್ಲ. ಕುದುರೆಯ ಚಿತ್ರಕ್ಕೆಂದು ಅದಕ್ಕೆ ಹೆಚ್ಚು ಹಣ ಸುರಿಯುವ ಅಗತ್ಯವಿಲ್ಲ.

ಬೆಳಕಿನ ಬೆಲೆ

ನಡುಹಗಲ ಬಿಸಿಲಿನಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100 ಇಟ್ಟು, ಲೆನ್ಸಿನ ದ್ಯುತಿರಂಧ್ರವನ್ನು ಎಫ್/16ಕ್ಕೆ ಕಿರಿದು ಮಾಡಿದರೆ ಸುಮಾರು 1/100 ಸೆಕೆಂಡು ಸಾಕು ಎನ್ನುವುದು ಫಿಲ್ಮ್ ಕಾಲದಿಂದ ಬಂದ ನಿಯಮ. ರಂಧ್ರವನ್ನು ಎಫ್/5.6ಕ್ಕೆ ಹಿಗ್ಗಿಸಿದರೆ ಬೆಳಕು ಎಂಟು ಪಟ್ಟಾಗುತ್ತದೆ. ಐಎಸ್ಒ 200 ಮಾಡಿದರೆ 1/1600 ಸೆಕೆಂಡು ಸಿಗುತ್ತದೆ. ಅಂದರೆ ನಮ್ಮ ಕಡೆಯ ಬಿಸಿಲಿನಲ್ಲಿ ಅತಿ ಅಗ್ಗದ ಟೆಲಿ ಜೂಮ್ ಲೆನ್ಸ್ ಕೂಡ ಓಡುವ ಕುದುರೆಯನ್ನು ಹಿಡಿಯುತ್ತದೆ. ಹಗಲು ಮಾತ್ರ ಚಿತ್ರ ತೆಗೆಯುವವರು ಹೆಚ್ಚು ಖರ್ಚು ಮಾಡಬೇಕಿಲ್ಲ.

ತೊಂದರೆ ಏನೆಂದರೆ, ಕುದುರೆ ಚೆಂದ ಕಾಣುವುದು ನಡುಹಗಲಿನಲ್ಲಲ್ಲ. ನೆತ್ತಿಯ ಸೂರ್ಯ ಅದರ ಬೆನ್ನನ್ನು ಬೆಳಗಿ ಹೊಟ್ಟೆಯನ್ನು ಕತ್ತಲಾಗಿಸುತ್ತಾನೆ, ಕಣ್ಣು ಕುಳಿಯಂತೆ ಕಾಣುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೋ ಸಂಜೆ ಐದೂವರೆಯ ಮೇಲೋ ಬೆಳಕು ಓರೆಯಾಗಿ ಬಿದ್ದಾಗ ಸ್ನಾಯುಗಳು ಒಂದೊಂದಾಗಿ ಎದ್ದು ಕಾಣುತ್ತವೆ, ರೋಮ ಹೊಳೆಯುತ್ತದೆ. ಆಗ ಬೆಳಕು ನಡುಹಗಲಿಗಿಂತ 16 ಪಾಲು ಕಡಿಮೆ ಎಂದುಕೊಂಡರೆ, ಅದೇ ಎಫ್/5.6 ಲೆನ್ಸಿಗೆ ಐಎಸ್ಒ 3200 ಬೇಕು. ಎಫ್/2.8 ಲೆನ್ಸಿಗೆ 800 ಸಾಕು.

ಐಎಸ್ಒ ಏರಿದಂತೆ ಚಿತ್ರದಲ್ಲಿ ಮರಳು ಚೆಲ್ಲಿದಂಥ ಕಾಳು ಯಾಕೆ ಬರುತ್ತದೆ? ಕ್ಯಾಮೆರಾದ ದೋಷ ಎಂದು ಬಹಳ ಜನ ಭಾವಿಸುತ್ತಾರೆ. ಬಹುಪಾಲು ಅದು ಬೆಳಕಿನದೇ ಗುಣ. ಬೆಳಕು ಫೋಟಾನ್‌ಗಳೆಂಬ ಬಿಡಿಬಿಡಿ ಕಣಗಳಾಗಿ ಬರುತ್ತದೆ. ಮಳೆಯಲ್ಲಿ ಅಂಗಳದ ತುಂಬ ಒಂದೇ ಅಳತೆಯ ಬಟ್ಟಲುಗಳನ್ನು ಜೋಡಿಸಿಟ್ಟರೆ, ಜೋರು ಮಳೆಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಸಮವಾಗಿ ತುಂಬುತ್ತವೆ. ನಾಲ್ಕು ಹನಿ ಉದುರಿ ನಿಂತರೆ ಒಂದರಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಒಂದೂ ಇಲ್ಲ. ಪಿಕ್ಸೆಲ್‌ಗಳ ಪಾಡೂ ಇದೇ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಬಿದ್ದರೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100, ನೂರಕ್ಕೆ ಒಂದು. ಸರಾಸರಿ 100 ಫೋಟಾನ್ ಮಾತ್ರ ಬಿದ್ದರೆ ಏರುಪೇರು 10, ನೂರಕ್ಕೆ ಹತ್ತು. ಕಪ್ಪು ಕುದುರೆಯ ಪಕ್ಕೆಯಲ್ಲಿ ಕಾಣುವ ಕಾಳು ಇದೇ. ಎಷ್ಟೇ ಹೊಸ ಕ್ಯಾಮೆರಾ ಆದರೂ ಬಾರದ ಫೋಟಾನನ್ನು ಎಣಿಸಲಾರದು.

ಅದಕ್ಕೇ ಫೋಟಾನ್‌ಗಳನ್ನು ಹಿಡಿಯುವ ಸೆನ್ಸರಿನ ವಿಸ್ತೀರ್ಣ ಮುಖ್ಯವಾಗುತ್ತದೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಎಪಿಎಸ್-ಸಿ ಎಂಬ ಅಳತೆಯದು ಸುಮಾರು 23.5×15.6 ಮಿ.ಮೀ., 367 ಚದರ ಮಿ.ಮೀ. ‘ಒಂದು ಇಂಚು’ ಎಂದು ಕರೆಯುವ, ಕೈಗೆ ಅಡಕವಾದ ಸೂಪರ್ ಜೂಮ್ ಕ್ಯಾಮೆರಾಗಳ ಸೆನ್ಸರ್ ಕೇವಲ 116. ಹೆಚ್ಚಿನ ಮೊಬೈಲುಗಳದು ಅದಕ್ಕಿಂತಲೂ ಚಿಕ್ಕದು. ಫುಲ್ ಫ್ರೇಮ್ ಒಳ್ಳೆಯದೇ, ಆದರೆ ಅದಕ್ಕೆ ಹೊಂದುವ ಉದ್ದನೆಯ ಲೆನ್ಸ್ ನಮ್ಮ ಬಜೆಟ್ ಅನ್ನು ನುಂಗಿಬಿಡುತ್ತದೆ. ದೂರದ ಕುದುರೆಗೆ ಎಪಿಎಸ್-ಸಿಯೇ ಲಾಭ: ಅದರ ಮೇಲೆ 200 ಮಿ.ಮೀ. ಲೆನ್ಸ್ 30 ಮೀಟರ್ ದೂರದಲ್ಲಿ ಮೂರೂವರೆ ಮೀಟರ್ ಅಗಲವನ್ನಷ್ಟೇ ಹಿಡಿದು ಚೌಕಟ್ಟನ್ನು ಕುದುರೆಯಿಂದ ತುಂಬಿಸುತ್ತದೆ. ಮೂಗಿನಿಂದ ಬಾಲದ ಬುಡದವರೆಗೆ ಕುದುರೆಯ ಉದ್ದ ಸುಮಾರು 2.4 ಮೀಟರ್.

ಮೊಬೈಲಿನಲ್ಲಿ ತೆಗೆದ ಕುದುರೆ ಯಾಕೆ ವಿಕಾರವಾಗಿ ಕಾಣುತ್ತದೆ ಎಂಬುದಕ್ಕೂ ಇದೇ 2.4 ಮೀಟರ್ ಉತ್ತರ. ಎದುರಿಗೆ, ಮುಖದಿಂದ ಮೂರು ಮೀಟರ್ ದೂರ ನಿಂತರೆ ಹಿಂಭಾಗ ನಿಮ್ಮಿಂದ 5.4 ಮೀಟರ್ ದೂರವಿರುತ್ತದೆ. ಮುಖ ಅದರ ನಿಜವಾದ ಪ್ರಮಾಣಕ್ಕಿಂತ 1.8 ಪಟ್ಟು ಹಿಗ್ಗುತ್ತದೆ. 12 ಮೀಟರ್ ದೂರಕ್ಕೆ ಹಿಂದೆ ಸರಿದರೆ ವ್ಯತ್ಯಾಸ 1.2 ಪಟ್ಟಿಗೆ ಇಳಿದು ಕುದುರೆ ಕುದುರೆಯಂತೆ ಕಾಣುತ್ತದೆ. ಇದು ಲೆನ್ಸಿನ ತಪ್ಪಲ್ಲ, ನಿಂತ ಜಾಗದ್ದು. ಉದ್ದ ಲೆನ್ಸ್ ಮಾಡುವುದಿಷ್ಟೇ, ಹಿಂದೆ ಸರಿದು ನಿಲ್ಲಲು ಬಿಡುತ್ತದೆ. ಕುದುರೆ ಮಾರುವವರು ಪಕ್ಕೆಯಿಂದ ತೆಗೆದ ಚಿತ್ರ ಕೇಳಿದರೆ ಎದೆಯ ಮಟ್ಟಕ್ಕೆ ಬಗ್ಗಿ, 12 ಮೀಟರ್ ದೂರದಿಂದ 85 ಮಿ.ಮೀ. ಲೆನ್ಸಿನಲ್ಲಿ ತೆಗೆಯಿರಿ. ಕಾಲುಗಳ ಅಳತೆ ಸುಳ್ಳು ಹೇಳುವುದಿಲ್ಲ. ಕಪ್ಪು ಕುದುರೆಯನ್ನು ಕ್ಯಾಮೆರಾ ತಾನಾಗಿ ಬೂದು ಮಾಡಿಬಿಡುತ್ತದೆ, ಬಿಳಿಯದನ್ನೂ ಬೂದು ಮಾಡುತ್ತದೆ. ಕಪ್ಪಿಗೆ ಎಕ್ಸ್‌ಪೋಷರನ್ನು ಒಂದು ಹಂತ ಇಳಿಸಿ, ಬಿಳಿಗೆ ಒಂದು ಹಂತ ಏರಿಸಿದರೆ ಬಣ್ಣ ಮರಳಿ ಬರುತ್ತದೆ.

ಎದುರಿಗೆ ಬರುವ ಕುದುರೆ

ಪಕ್ಕದಿಂದ ಹಾದುಹೋಗುವ ಕುದುರೆಗೆ ಫೋಕಸ್ ಹಿಡಿಯುವುದು ಸುಲಭ, ದೂರ ಹೆಚ್ಚು ಬದಲಾಗುವುದಿಲ್ಲ. ನೇರ ನಿಮ್ಮತ್ತ ಓಡಿಬರುವ ಕುದುರೆಯೇ ಕ್ಯಾಮೆರಾಗೆ ಪರೀಕ್ಷೆ. 200 ಮಿ.ಮೀ. ಲೆನ್ಸ್, ಎಫ್/2.8, ದೂರ 15 ಮೀಟರ್ ಎಂದಾದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 63 ಸೆಂ.ಮೀ. ಹೆಚ್ಚುಕಡಿಮೆ ಮೂಗಿನ ತುದಿಯಿಂದ ಕಿವಿಯವರೆಗೆ. ಸೆಕೆಂಡಿಗೆ 10 ಮೀಟರ್ ವೇಗದ ಕುದುರೆ ಆ ಆಳವನ್ನು 0.06 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಕ್ಯಾಮೆರಾ ಈಗ ಕುದುರೆ ಎಲ್ಲಿದೆ ಎಂದಷ್ಟೇ ಅಳೆದರೆ ಸಾಲದು, ಶಟರ್ ತೆರೆಯುವ ಹೊತ್ತಿಗೆ ಎಲ್ಲಿರುತ್ತದೆ ಎಂದು ಮುಂಚಿತವಾಗಿ ಲೆಕ್ಕ ಹಾಕಬೇಕು.

ಈ ಲೆಕ್ಕಕ್ಕೆ ಬೇಕಾದದ್ದು ಫೇಸ್ ಡಿಟೆಕ್ಷನ್ ವಿಧಾನ. ಲೆನ್ಸಿನ ಎರಡು ಅಂಚುಗಳಿಂದ ಬಂದ ಬೆಳಕು ಎರಡು ಬಿಂಬಗಳನ್ನು ಮೂಡಿಸುತ್ತದೆ. ಫೋಕಸ್ ಸರಿಯಿದ್ದರೆ ಅವು ಒಂದರ ಮೇಲೊಂದು ಕೂರುತ್ತವೆ, ತಪ್ಪಿದ್ದರೆ ಪಕ್ಕಕ್ಕೆ ಜಾರಿರುತ್ತವೆ. ಯಾವ ಕಡೆಗೆ, ಎಷ್ಟು ಜಾರಿದೆ ಎಂಬುದರಿಂದ ಲೆನ್ಸನ್ನು ಯಾವ ಕಡೆಗೆ ಎಷ್ಟು ಸರಿಸಬೇಕು ಎಂದು ಒಂದೇ ಅಳತೆಯಲ್ಲಿ ತಿಳಿಯುತ್ತದೆ. ಇನ್ನೊಂದು ವಿಧಾನವಾದ ಕಾಂಟ್ರಾಸ್ಟ್ ಹೋಲಿಕೆಯಲ್ಲಿ ಕ್ಯಾಮೆರಾ ಹಿಂದೆ ಮುಂದೆ ತಡಕಾಡಿ ಕಂಡುಕೊಳ್ಳಬೇಕು. ಅಷ್ಟರಲ್ಲಿ ಕುದುರೆ ದಾಟಿಹೋಗಿರುತ್ತದೆ. ಅಗ್ಗವೆಂದು ಹಳೆಯ ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾ ಕೊಳ್ಳುವವರು ಅದರಲ್ಲಿ ಫೇಸ್ ಡಿಟೆಕ್ಷನ್ ಇದೆಯೇ ಎಂದು ಖಚಿತಪಡಿಸಿಕೊಳ್ಳಲೇಬೇಕು. ಡಿಎಸ್ಎಲ್ಆರ್‌ಗಳಲ್ಲಿ ಕನ್ನಡಿಯ ಕೆಳಗಿನ ಪ್ರತ್ಯೇಕ ಫೇಸ್ ಡಿಟೆಕ್ಷನ್ ಸೆನ್ಸರ್ ಮೊದಲಿನಿಂದಲೂ ಇದೆ.

ಇತ್ತೀಚಿನ ಮಿರರ್‌ಲೆಸ್ ಕ್ಯಾಮೆರಾಗಳು ಪ್ರಾಣಿಯ ತಲೆಯನ್ನೂ ಕಣ್ಣನ್ನೂ ಗುರುತಿಸುತ್ತವೆ. ಇದು ನಿಜವಾದ ಪ್ರಗತಿ. ಆದರೆ ಆರಂಭದಲ್ಲಿ ಬಂದ ಹಲವು ಮಾದರಿಗಳು ನಾಯಿ, ಬೆಕ್ಕು, ಹಕ್ಕಿಗಳಿಗಾಗಿ ಕಲಿತವು. ಕುದುರೆ ಆ ಪಟ್ಟಿಗೆ ಸೇರಿದ್ದು ತಡವಾಗಿ. ‘ಪ್ರಾಣಿ ಗುರುತಿಸುತ್ತದೆ’ ಎಂದು ಹೇಳಿದರೆ ಕುದುರೆ ಅದರಲ್ಲಿ ಇದೆಯೇ ಎಂದು ಕೇಳಿ ತಿಳಿಯಿರಿ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಯಲ್ಲಿವೆ, ಮುಖ ಉದ್ದ, ಮೇಲೆ ಲಗಾಮಿನ ಪಟ್ಟಿಗಳು. ಬೆಕ್ಕಿನ ಮುಖ ಕಲಿತ ಯಂತ್ರಕ್ಕೆ ಅದು ಅಪರಿಚಿತ.

ಸೆಕೆಂಡಿಗೆ ಎಷ್ಟು ಚಿತ್ರ?

ರೇಸ್ ಕುದುರೆಯ ನಾಗಾಲೋಟದಲ್ಲಿ ಒಂದು ಹೆಜ್ಜೆಸುತ್ತು ಮುಗಿಯಲು 0.4 ಸೆಕೆಂಡಿನ ಆಸುಪಾಸು ಸಾಕು. ಅದರಲ್ಲಿ ನಾಲ್ಕೂ ಕಾಲು ನೆಲ ಬಿಟ್ಟಿರುವುದು ಸುಮಾರು 0.1 ಸೆಕೆಂಡು. ಸೆಕೆಂಡಿಗೆ 5 ಚಿತ್ರ ತೆಗೆಯುವ ಕ್ಯಾಮೆರಾ 0.4 ಸೆಕೆಂಡಿನಲ್ಲಿ ಎರಡೇ ಚಿತ್ರ ತೆಗೆಯುತ್ತದೆ. ಮುಂದಿನ ಸುತ್ತಿನಲ್ಲೂ ಕಾಲುಗಳು ಅದೇ ಎರಡು ಭಂಗಿಯಲ್ಲಿ ಸಿಗುತ್ತವೆ, ಅದರ ಮುಂದಿನ ಸುತ್ತಿನಲ್ಲೂ ಅವೇ. ಗುಂಡಿ ಒತ್ತಿ ಹಿಡಿದು 30 ಚಿತ್ರ ತೆಗೆದರೂ ಬೇಕಾದ ಭಂಗಿ ಒಂದರಲ್ಲೂ ಇಲ್ಲದೆ ಹೋಗಬಹುದು. ಸಿನಿಮಾದಲ್ಲಿ ಗಾಡಿಯ ಚಕ್ರ ನಿಂತಂತೆ ಕಾಣುವುದೂ ಇದೇ ಕಾರಣಕ್ಕೆ. 10 ಚಿತ್ರವಾದರೆ ಸುತ್ತಿಗೆ ನಾಲ್ಕು ಭಂಗಿ. ತೇಲುವ ಕ್ಷಣ ಅವುಗಳಲ್ಲಿ ಸಿಗುವ ಸಂಭವ ಬಹಳ ಹೆಚ್ಚು.

ಅಷ್ಟು ವೇಗದ ಕ್ಯಾಮೆರಾ ಕೈಗೆಟುಕದಿದ್ದರೆ ಕಿವಿಯನ್ನು ಬಳಸಿ. ಕ್ಯಾಂಟರ್ ಮೂರು ಬಡಿತದ ನಡೆ, ಮೂರನೆಯ ಬಡಿತದ ಬೆನ್ನಿಗೆ ಒಂದು ಮೌನ ಬರುತ್ತದೆ. ಆ ಮೌನದಲ್ಲೇ ಕುದುರೆ ಗಾಳಿಯಲ್ಲಿರುತ್ತದೆ. ಅದಕ್ಕಿಂತ ನಿಧಾನದ ಟ್ರಾಟ್ ಎಂಬ ನಡೆ ಎರಡು ಬಡಿತದ್ದು, ಕರ್ಣರೇಖೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ. ಪ್ರತಿ ಜೋಡಿಯ ನಡುವೆ ಪುಟ್ಟ ತೇಲಾಟ. ಕ್ಯಾಂಟರ್ ಮತ್ತು ನಾಗಾಲೋಟದಲ್ಲಿ ಕುದುರೆ ಒಂದು ಹೆಜ್ಜೆಸುತ್ತಿಗೆ ಒಂದೇ ಉಸಿರು ಎಳೆದುಕೊಳ್ಳುತ್ತದೆ, ಹತ್ತಿರವಿದ್ದರೆ ಆ ಬುಸುಗುಟ್ಟುವಿಕೆಯೇ ತಾಳ ಹಾಕುತ್ತದೆ. ಅನಿರೀಕ್ಷಿತವಾದುದಕ್ಕೆ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು, ನಾಗಾಲೋಟದ ಅರ್ಧ ಸುತ್ತೇ ಕಳೆದುಹೋಗುತ್ತದೆ. ತಾಳಕ್ಕೆ ಮಾತ್ರ ನಾವು ಪ್ರತಿಕ್ರಿಯಿಸುವುದಿಲ್ಲ, ಮುಂದಿನ ಪೆಟ್ಟನ್ನು ಮೊದಲೇ ಅರಿತಿರುತ್ತೇವೆ. ನಾಲ್ಕು ಸುತ್ತು ತಾಳ ಎಣಿಸಿ ಒಮ್ಮೆ ಒತ್ತುವ ಛಾಯಾಗ್ರಾಹಕ, ಕಣ್ಣುಮುಚ್ಚಿ 30 ಚಿತ್ರ ಸುರಿಸುವ ಕ್ಯಾಮೆರಾವನ್ನು ಎಷ್ಟೋ ಸಲ ಮೀರಿಸುತ್ತಾನೆ.

ಹೊಸ ಅಗ್ಗದ ಕ್ಯಾಮೆರಾಗಳ ಪೆಟ್ಟಿಗೆಯ ಮೇಲೆ ಕಾಣುವ ದೊಡ್ಡ ಸಂಖ್ಯೆಗಳು ಬಹುಮಟ್ಟಿಗೆ ಎಲೆಕ್ಟ್ರಾನಿಕ್ ಶಟರಿನವು. ಅದರಲ್ಲಿ ಸೆನ್ಸರ್ ಸಾಲುಸಾಲಾಗಿ ಓದುತ್ತದೆ. ಪೂರ್ತಿ ಓದಲು 1/30 ಸೆಕೆಂಡು ಹಿಡಿದರೆ, ಸೆಕೆಂಡಿಗೆ 10 ಮೀಟರ್ ಓಡುವ ಕುದುರೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ 33 ಸೆಂ.ಮೀ. ಸರಿದಿರುತ್ತದೆ. ನೆಟ್ಟಗಿನ ಕಾಲು ಓರೆಯಾಗುತ್ತದೆ, ಗೊರಸು ಮುರಿದಂತೆ ಕಾಣುತ್ತದೆ. ಯಾಂತ್ರಿಕ ಶಟರ್ ಕೂಡ ಸೀಳಿನಂತೆ ಸರಿಯುತ್ತದಾದರೂ ಅದು ಪೂರ್ತಿ ದಾಟಲು 1/250 ಸೆಕೆಂಡು ಸಾಕು. ವ್ಯತ್ಯಾಸ 4 ಸೆಂ.ಮೀ. ಮೀರದು. ಕುದುರೆಗೆ ಯಾಂತ್ರಿಕ ಶಟರಿನ ಸಂಖ್ಯೆಯನ್ನೇ ನಂಬಿ.

ಅರವತ್ತು ಸಾವಿರವನ್ನು ಹಂಚುವ ಬಗೆ

ನನ್ನ ಅಭಿಪ್ರಾಯ ಸ್ಪಷ್ಟವಿದೆ: ಹಣದ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಲೆನ್ಸಿಗೆ ಹೋಗಬೇಕು, ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಆಗಿರಬೇಕು. ಹೊಸ ಮಿರರ್‌ಲೆಸ್ ಒಂದನ್ನು ಕಿಟ್ ಲೆನ್ಸಿನ ಸಮೇತ ಕೊಂಡರೆ ಹಣದ ಬಹುಪಾಲು ಅಲ್ಲಿಗೇ ಮುಗಿದು, ಸಂಜೆಯ ಬೆಳಕಿಗೆ ಏನೂ ಉಳಿಯುವುದಿಲ್ಲ.

2014ರಲ್ಲಿ ಬಂದ ಕ್ಯಾನನ್ 7ಡಿ ಮಾರ್ಕ್ 2 ಇಂದಿಗೂ ಕುದುರೆಗೆ ತಕ್ಕ ಕ್ಯಾಮೆರಾ. 20.2 ಮೆಗಾಪಿಕ್ಸೆಲ್, ಸೆಕೆಂಡಿಗೆ 10 ಚಿತ್ರ, 65 ಫೋಕಸ್ ಬಿಂದುಗಳು, ಎರಡು ಲಕ್ಷ ಬಾರಿ ತೆರೆದು ಮುಚ್ಚಲೆಂದು ಅಂದಾಜಿಸಿದ ಶಟರ್. 2015ರ ನಿಕಾನ್ ಡಿ7200 ಸೆಕೆಂಡಿಗೆ 6 ಚಿತ್ರ ಮಾತ್ರ ತೆಗೆದರೂ 24.2 ಮೆಗಾಪಿಕ್ಸೆಲ್ ಸೆನ್ಸರ್ ಹೊಂದಿದೆ. ಅದರೊಳಗೆ ಫೋಕಸ್ ಮೋಟಾರೂ ಇದೆ. ಆ ಮೋಟಾರಿನಿಂದ ಒಂದು ದೊಡ್ಡ ಅನುಕೂಲ: ನಿಕಾನಿನ ಹಳೆಯ 80-200 ಮಿ.ಮೀ. ಎಫ್/2.8 ಡಿ ಲೆನ್ಸನ್ನು ಅದು ತಾನೇ ನಡೆಸಬಲ್ಲದು. ಡಿ3000, ಡಿ5000 ಸರಣಿಯ ಪುಟ್ಟ ಕ್ಯಾಮೆರಾಗಳಿಗೆ ಆ ಮೋಟಾರಿಲ್ಲದ್ದರಿಂದ ಅವುಗಳ ಮೇಲೆ ಈ ಲೆನ್ಸಿನ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ನಿಕಾನ್ ಡಿ500 ಇವೆರಡಕ್ಕಿಂತ ಮೇಲು, 153 ಫೋಕಸ್ ಬಿಂದುಗಳದು. ಸಿಕ್ಕಿದರೆ ಬಿಡಬೇಡಿ, ಆದರೆ ಅದಕ್ಕಾಗಿ ಲೆನ್ಸಿನ ಹಣವನ್ನು ಕಸಿಯಬೇಡಿ.

ಲೆನ್ಸಿನಲ್ಲಿ ಎರಡು ಬೇಕು. ಹಗಲಿಗೆ ಕ್ಯಾನನ್ 55-250 ಅಥವಾ ನಿಕಾನ್ 70-300 ಜೂಮ್. ಸಂಜೆಗೂ ರಾತ್ರಿಗೂ 85 ಮಿ.ಮೀ. ಎಫ್/1.8. ಎರಡನೆಯದನ್ನು ಕೈಬಿಡಬೇಡಿ.

ಹಳೆಯ ಲೆನ್ಸ್ ಕೊಳ್ಳುವಾಗ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಶಿಲೀಂಧ್ರ. ಗಾಜಿನ ಲೇಪನವನ್ನು ಅದು ತಿಂದುಹಾಕುತ್ತದೆ. ನಾಲೆ ನೀರಿನ ಗದ್ದೆಗಳ ನಡುವಿನ ನಮ್ಮ ಊರುಗಳಲ್ಲಿ ಮಳೆಗಾಲದ ತೇವ ಅದಕ್ಕೆ ಬಲು ಹಿತ. ಚಿತ್ರ ತೆಗೆಯದ ದಿನಗಳಲ್ಲಿ ಲೆನ್ಸನ್ನು ಬಟ್ಟೆಚೀಲದಲ್ಲಿ ಸುತ್ತಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಾರುವವರು ಒಪ್ಪಿದರೆ ಲೆನ್ಸನ್ನು ಪರೀಕ್ಷೆಗೆ ಸೋಮನಾಥಪುರಕ್ಕೇ ಒಯ್ಯಿರಿ. ಆ ಕುದುರೆ ಪಟ್ಟಿ ಸಪಾಟಾಗಿದೆ, ಸೂಕ್ಷ್ಮ ಕೆತ್ತನೆಯಿಂದ ತುಂಬಿದೆ, ಅಲುಗಾಡುವುದಿಲ್ಲ. ಗೋಡೆಗೆ ನೇರ ಎದುರಾಗಿ ನಿಂತು, ದ್ಯುತಿರಂಧ್ರವನ್ನು ಪೂರ್ತಿ ತೆರೆದು ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಸಾಕು. ಒಂದು ಪಕ್ಕ ಸ್ಪಷ್ಟವಾಗಿದ್ದು ಇನ್ನೊಂದು ಪಕ್ಕ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ, ಆ ಲೆನ್ಸ್ ಬೇಡ.

ಮೆಮೊರಿ ಕಾರ್ಡಿನಲ್ಲಿ ಉಳಿತಾಯ ಮಾಡಬಾರದು. 24 ಮೆಗಾಪಿಕ್ಸೆಲ್‌ನ ರಾ ಕಡತ 25ರಿಂದ 30 ಎಂಬಿ ತೂಗುತ್ತದೆ, ಸೆಕೆಂಡಿಗೆ ಹತ್ತಾದರೆ 250 ಎಂಬಿಗೂ ಹೆಚ್ಚು. ಯುಎಚ್ಎಸ್-1 ಕಾರ್ಡಿನ ಪರಮಾವಧಿಯೇ ಸೆಕೆಂಡಿಗೆ 104 ಎಂಬಿ. ಉಳಿದದ್ದು ಕ್ಯಾಮೆರಾದ ಒಳಗಿನ ತಾತ್ಕಾಲಿಕ ಸಂಗ್ರಹದಲ್ಲಿ ನಿಂತು, ಅದು ತುಂಬಿದೊಡನೆ ಕ್ಯಾಮೆರಾ ಮುಗ್ಗರಿಸುತ್ತದೆ. ಕುದುರೆ ಹತ್ತಿರ ಬರುವವರೆಗೆ ಗುಂಡಿ ಒತ್ತದಿರುವುದೇ ಇದಕ್ಕೆ ಮದ್ದು.

ಫ್ಲಾಶ್ ಕೊಳ್ಳಲೇಬೇಡಿ ಎನ್ನುತ್ತೇನೆ. ನೆಲದ ಮೇಲಿನ ಪ್ರಾಣಿಗಳಲ್ಲೇ ಅತಿ ದೊಡ್ಡ ಕಣ್ಣುಗಳ ಸಾಲಿಗೆ ಸೇರಿದ್ದು ಕುದುರೆಯ ಕಣ್ಣು. ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕತ್ತಲಿಗೆ ಹೊಂದಿಕೊಳ್ಳಲು ನಮಗಿಂತ ಹೆಚ್ಚು ಹೊತ್ತು ಬೇಕು. ತಮಟೆ, ಪಟಾಕಿ, ಜನಜಂಗುಳಿಯ ನಡುವೆ ಮದುವಣಿಗನನ್ನು ಹೊತ್ತು ನಿಂತ ಕುದುರೆಯ ಮುಖಕ್ಕೆ ಮಿಂಚು ಹೊಡೆಯುವುದು ಅದಕ್ಕೂ ಸವಾರನಿಗೂ ಅಪಾಯ. ಹಿಂಬದಿಯಿಂದ ಹತ್ತಿರ ಹೋಗುವುದೂ ಅಷ್ಟೇ ಅಪಾಯ, ಬೆನ್ನ ಹಿಂದಿನ ತುಸು ಜಾಗ ಮಾತ್ರ ಅದಕ್ಕೆ ಕಾಣುವುದಿಲ್ಲ.

ಇನ್ನು ಮೆಗಾಪಿಕ್ಸೆಲ್. ವಿಜಯದಶಮಿಯ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನಡೆಯುತ್ತದೆ. ಅಶ್ವಾರೋಹಿ ಪೊಲೀಸರು ಓಡುವ ಕುದುರೆಯ ಮೇಲಿಂದಲೇ ಈಟಿಯ ತುದಿಯಲ್ಲಿ ನೆಲದ ಗೂಟ ಕೀಳುತ್ತಾರೆ. ಆ ರಾತ್ರಿಯ ದೀಪದ ಬೆಳಕು ಬಿಸಿಲಿಗಿಂತ 100 ಪಾಲು ಕಡಿಮೆ ಎಂದಿಟ್ಟುಕೊಳ್ಳಿ. 1/1000 ಸೆಕೆಂಡಿಗೆ ಎಫ್/5.6 ಜೂಮ್ ಐಎಸ್ಒ 12,500 ಕೇಳುತ್ತದೆ, 85 ಮಿ.ಮೀ. ಎಫ್/1.8 ಲೆನ್ಸಿಗೆ 1250 ಸಾಕು. ಊರಿನ ವಿದ್ಯುತ್ 50 ಹರ್ಟ್ಸ್‌ನದು, ಹಲವು ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ, ಹಾಗಾಗಿ ಒಂದು ಚಿತ್ರ ಬೆಳಗಿ ಮುಂದಿನದು ಮಂಕಾಗಬಹುದು. 7ಡಿ ಮಾರ್ಕ್ 2ರಲ್ಲಿರುವ ಫ್ಲಿಕರ್ ತಡೆಯುವ ಸೌಲಭ್ಯ ದೀಪ ಉಚ್ಛ್ರಾಯದಲ್ಲಿದ್ದಾಗಲೇ ಶಟರ್ ತೆರೆಯುವಂತೆ ಮಾಡುತ್ತದೆ. ನೀವು ಕೂತ ಜಾಗ ಮೈದಾನದಿಂದ 50 ಮೀಟರ್ ಇದ್ದರೆ 85 ಮಿ.ಮೀ. ಲೆನ್ಸಿನ ಚೌಕಟ್ಟು ಸುಮಾರು 14 ಮೀಟರ್ ಅಗಲವಾಗಿರುತ್ತದೆ, ಕುದುರೆ ಅದರಲ್ಲಿ ಪುಟ್ಟದಾಗಿ ಕಾಣುತ್ತದೆ. ಇಲ್ಲಿ, ಈ ಒಂದು ಕಡೆ, 24 ಮೆಗಾಪಿಕ್ಸೆಲ್ ಕೆಲಸಕ್ಕೆ ಬರುತ್ತದೆ: ಕುದುರೆಯ ಉದ್ದಕ್ಕೆ ಸುಮಾರು 1000 ಪಿಕ್ಸೆಲ್ ಸಿಗುತ್ತವೆ. ಸುತ್ತಲಿನದನ್ನು ಕತ್ತರಿಸಿ ತೆಗೆದರೂ ಪತ್ರಿಕೆಯ ಎರಡು ಅಂಕಣದ ಚಿತ್ರಕ್ಕೆ ಅಷ್ಟು ಸಾಕಾಗುತ್ತದೆ.